ಸಣ್ಣ ತಂತ್ರಾಂಶಕ್ಕೆ ಯಾವ ಡೇಟಾಬೇಸ್: ಕೋಷ್ಟಕವೋ, ಡಾಕ್ಯುಮೆಂಟೋ?

ಶಿರಸಿಯ ಅಡಿಕೆ ವಖಾರಿಗೆ ಲೆಕ್ಕದ ತಂತ್ರಾಂಶ, ಗೋಕರ್ಣದ ಹೋಮ್‌ಸ್ಟೇಗೆ ಕೋಣೆ ಕಾಯ್ದಿರಿಸುವ ವ್ಯವಸ್ಥೆ, ಕಾರವಾರದ ಬೈತಖೋಲ ಬಂದರಿನ ಬೋಟುಗಳಿಗೆ ಮೀನಿನ ದಾಖಲೆ ಇಡುವ ಮೊಬೈಲ್ ಆ್ಯಪ್: ಉತ್ತರ ಕನ್ನಡದಲ್ಲಿ ಕುಳಿತು ತಂತ್ರಾಂಶ ಬರೆಯುವ ಒಬ್ಬಿಬ್ಬರ ತಂಡಗಳಿಗೆ ಒದಗುವ ಕೆಲಸಗಳು ಹೆಚ್ಚುಕಡಿಮೆ ಈ ಬಗೆಯವು. ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ಮೊದಲ ವಾರದಲ್ಲಿಯೇ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಮಾಹಿತಿಯನ್ನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಂಥ ಸಂಬಂಧಾತ್ಮಕ ಡೇಟಾಬೇಸಿನಲ್ಲಿ ಕೋಷ್ಟಕಗಳಾಗಿ ಇಡಬೇಕೇ, ಅಥವಾ ಮೊಂಗೋಡಿಬಿ, ಫೈರ್‌ಸ್ಟೋರ್, ಕೌಚ್‌ಡಿಬಿಗಳಂಥ ಸಂಬಂಧೇತರ ಡೇಟಾಬೇಸಿನಲ್ಲಿ ಡಾಕ್ಯುಮೆಂಟುಗಳಾಗಿ ಇಡಬೇಕೇ? ಪರದೆಯ ವಿನ್ಯಾಸವನ್ನು ಆಮೇಲೆ ಬದಲಿಸಬಹುದು, ಪ್ರೋಗ್ರಾಮಿಂಗ್ ಭಾಷೆಯನ್ನೂ ಬದಲಿಸಬಹುದು. ಆದರೆ ಐದು ವರ್ಷಗಳ ಲೆಕ್ಕ ತುಂಬಿಕೊಂಡ ಡೇಟಾಬೇಸನ್ನು ಬದಲಿಸುವುದು ಬಹಳ ಕಷ್ಟದ ಕೆಲಸ.

ಈ ಆಯ್ಕೆಯನ್ನು ಸಾಮಾನ್ಯವಾಗಿ ವೇಗದ ಮತ್ತು ಗಾತ್ರದ ಪ್ರಶ್ನೆಯಾಗಿ ಚರ್ಚಿಸಲಾಗುತ್ತದೆ. ಸಣ್ಣ ತಂತ್ರಾಂಶದ ಮಟ್ಟಿಗೆ ಆ ಚರ್ಚೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಈ ಮಾಹಿತಿಯಿಂದ ಮುಂದೆ ಯಾರು ಯಾವ ಉತ್ತರ ಬಯಸುತ್ತಾರೆ, ಅವರ ಪ್ರಶ್ನೆ ನಮಗೆ ಇಂದೇ ಗೊತ್ತಿದೆಯೇ? ಡಾಕ್ಯುಮೆಂಟ್ ಮಾದರಿಯು ಮೊದಲೇ ಗೊತ್ತಿರುವ ಪ್ರಶ್ನೆಗೆ ತಕ್ಕಂತೆ ಮಾಹಿತಿಯನ್ನು ಒಟ್ಟುಗೂಡಿಸಿ ಕಟ್ಟಿಡುತ್ತದೆ. ಕೋಷ್ಟಕ ಮಾದರಿಯು ಇನ್ನೂ ಯಾರೂ ಕೇಳದಿರುವ ಪ್ರಶ್ನೆಗೂ ಉತ್ತರ ಸಿಗುವಂತೆ ಅದನ್ನು ಬಿಡಿಬಿಡಿಯಾಗಿ ಇಡುತ್ತದೆ. ಎರಡರ ನಡುವಿನ ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಒಂದರಿಂದಲೇ ಹುಟ್ಟಿಕೊಂಡಿವೆ.

ಎರಡು ಮಾದರಿಗಳು ಬಂದ ದಾರಿ

1960ರ ದಶಕದಲ್ಲಿ ಅಮೆರಿಕದ ಅಪೊಲೊ ಯೋಜನೆಗಾಗಿ ಐಬಿಎಂ ಸಂಸ್ಥೆ ಐಎಂಎಸ್ ಎಂಬ ವ್ಯವಸ್ಥೆಯನ್ನು ಕಟ್ಟಿತು. ಅದರಲ್ಲಿ ಮಾಹಿತಿ ಮರದ ಆಕಾರದಲ್ಲಿತ್ತು: ಒಂದು ಯಂತ್ರ, ಅದರೊಳಗೆ ಭಾಗಗಳು, ಆ ಭಾಗಗಳೊಳಗೆ ಬಿಡಿಭಾಗಗಳು. ಯಂತ್ರದಿಂದ ಬಿಡಿಭಾಗಕ್ಕೆ ಇಳಿಯುವುದು ಸುಲಭವಾಗಿತ್ತು. ಇದೇ ಬಿಡಿಭಾಗ ಇನ್ನು ಯಾವ ಯಾವ ಯಂತ್ರಗಳಲ್ಲಿದೆ ಎಂದು ಕೆಳಗಿನಿಂದ ಮೇಲಕ್ಕೆ ಕೇಳುವುದು ಕಷ್ಟವಾಗಿತ್ತು. ಅದೇ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾಹಿತಿಯು ಯಂತ್ರದೊಳಗೆ ಯಾವ ಕ್ರಮದಲ್ಲಿ ಜೋಡಣೆಯಾಗಿದೆ ಎಂಬುದನ್ನು ಅವಲಂಬಿಸದೆ ಅದನ್ನು ಬಳಸುವ ಪ್ರೋಗ್ರಾಮುಗಳು ಕೆಲಸ ಮಾಡುವಂತಿರಬೇಕು ಎಂದು ವಾದಿಸಿ, ಎಲ್ಲವನ್ನೂ ಸಾಲು ಮತ್ತು ಕಂಬಗಳ ಕೋಷ್ಟಕಗಳಾಗಿ ನೋಡುವ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟರು. ಆ ಮಾದರಿಯನ್ನು ಪ್ರಶ್ನಿಸುವ ಭಾಷೆಯನ್ನು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದರು. ಇಂದಿನ ಎಸ್‌ಕ್ಯೂಎಲ್ ಅದರ ಮುಂದುವರಿಕೆ. 1986ರಲ್ಲಿ ಅದು ಅಮೆರಿಕದ ಮಾನಕವಾಯಿತು, ಮರುವರ್ಷ ಅಂತರರಾಷ್ಟ್ರೀಯ ಮಾನಕವಾಯಿತು.

ಸಂಬಂಧೇತರ ಡೇಟಾಬೇಸುಗಳ ಈಗಿನ ಅಲೆ ಎದ್ದದ್ದು ಬೇರೆಯೇ ಒಂದು ಒತ್ತಡದಿಂದ. ಗೂಗಲ್ 2006ರಲ್ಲಿ ಬಿಗ್‌ಟೇಬಲ್ ಕುರಿತು, ಅಮೆಜಾನ್ 2007ರಲ್ಲಿ ಡೈನಮೊ ಕುರಿತು ಪ್ರಬಂಧಗಳನ್ನು ಪ್ರಕಟಿಸಿದಾಗ ಅವುಗಳ ಮುಂದಿದ್ದ ಸಮಸ್ಯೆ ಎಂದರೆ, ಒಂದು ಯಂತ್ರಕ್ಕೆ ಹಿಡಿಸಲಾರದಷ್ಟು ಮಾಹಿತಿಯನ್ನು ಸಾವಿರಾರು ಯಂತ್ರಗಳಲ್ಲಿ ಹರಡಿ, ಅವುಗಳಲ್ಲಿ ಕೆಲವು ಕೆಟ್ಟು ನಿಂತರೂ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಅವು ಕೋಷ್ಟಕಗಳನ್ನು ಪರಸ್ಪರ ಜೋಡಿಸುವ ಸೌಲಭ್ಯವನ್ನು ಬಿಟ್ಟುಕೊಟ್ಟವು; ಡೈನಮೊ, ಎಲ್ಲ ಯಂತ್ರಗಳಲ್ಲಿಯೂ ಆ ಕ್ಷಣಕ್ಕೆ ಒಂದೇ ಉತ್ತರ ಸಿಗುತ್ತದೆ ಎಂಬ ಭರವಸೆಯನ್ನೂ ಬಿಟ್ಟುಕೊಟ್ಟಿತು. 2009ರಲ್ಲಿ ಬಿಡುಗಡೆಯಾದ ಮೊಂಗೋಡಿಬಿಯು ಡಾಕ್ಯುಮೆಂಟ್ ಎಂಬ ರೂಪವನ್ನು ಸಾಮಾನ್ಯ ಪ್ರೋಗ್ರಾಮರುಗಳ ಕೈಗೆ ಸುಲಭವಾಗಿ ತಲುಪಿಸಿತು. ಡಾಕ್ಯುಮೆಂಟ್ ಎಂದರೆ ಒಳಗೊಳಗೆ ಕವಲೊಡೆಯುವ ಒಂದು ಮರವೇ ಆದ್ದರಿಂದ, ಐಎಂಎಸ್‌ನ ಅನುಕೂಲ ಮತ್ತು ಅನನುಕೂಲಗಳೆರಡೂ ಅದರೊಂದಿಗೆ ಮರಳಿ ಬಂದವು.

ನಮ್ಮ ಜಿಲ್ಲೆಯ ಸಣ್ಣ ತಂತ್ರಾಂಶಗಳಿಗೆ ಆ ಒತ್ತಡ ಇದೆಯೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 5,000 ಸದಸ್ಯರಿರುವ ಒಂದು ಸಹಕಾರಿ ಸಂಘವನ್ನು ಊಹಿಸಿಕೊಳ್ಳೋಣ. ಪ್ರತಿ ಸದಸ್ಯರ ಹೆಸರಿನಲ್ಲಿ ವರ್ಷಕ್ಕೆ 40 ವ್ಯವಹಾರಗಳು ನಡೆದರೆ ವರ್ಷಕ್ಕೆ 2 ಲಕ್ಷ ಸಾಲುಗಳಾದವು, ಹತ್ತು ವರ್ಷಗಳಿಗೆ 20 ಲಕ್ಷ. ಒಂದು ಸಾಲಿಗೆ 200 ಬೈಟ್ ಹಿಡಿದರೂ ಒಟ್ಟು 400 ಮೆಗಾಬೈಟ್‌ನಷ್ಟಾಗುತ್ತದೆ. ತೋಟದಲ್ಲಿ ಕಾಲು ಗಂಟೆಗೊಮ್ಮೆ ಅಳತೆ ಕಳಿಸುವ ಒಂದು ಮಳೆಮಾಪಕ ವರ್ಷಕ್ಕೆ 35,040 ದಾಖಲೆಗಳನ್ನು ಕೊಡುತ್ತದೆ. ಅಂಥ ಹತ್ತು ಮಾಪಕಗಳಿದ್ದರೂ ಮೂರೂವರೆ ಲಕ್ಷ. ಕೈಯಲ್ಲಿರುವ ಸಾಧಾರಣ ಫೋನಿನ ಎಸ್‌ಕ್ಯೂಲೈಟ್ ಕೂಡ ಇದನ್ನು ನಿರಾಯಾಸವಾಗಿ ನಿಭಾಯಿಸುತ್ತದೆ. ಆದ್ದರಿಂದ ಮುಂದೆ ಬಹಳ ಬೆಳೆದರೆ ಬೇಕಾಗುತ್ತದೆ ಎಂಬ ಕಾರಣವೊಂದರಿಂದಲೇ ಸಂಬಂಧೇತರ ಡೇಟಾಬೇಸನ್ನು ಆರಿಸಿಕೊಳ್ಳುವವರು, ತಮಗೆ ಎಂದೂ ಎದುರಾಗದ ಕಷ್ಟಕ್ಕೆ ಪರಿಹಾರವನ್ನು ಮುಂಗಡವಾಗಿ ಕೊಂಡುಕೊಳ್ಳುತ್ತಿದ್ದಾರೆ. ಅದರ ಬೆಲೆಯನ್ನು ಮಾತ್ರ ಇಂದಿನಿಂದಲೇ ತೆರಬೇಕಾಗುತ್ತದೆ.

ವಖಾರಿಯ ಲೆಕ್ಕ: ಕೋಷ್ಟಕದ ಬಲ

ಒಬ್ಬ ಬೆಳೆಗಾರರು ಮೂರು ಚೀಲ ಚಾಲಿ, ಎರಡು ಚೀಲ ರಾಶಿ ಅಡಿಕೆ ತಂದಿದ್ದಾರೆ. ಪ್ರತಿ ಲಾಟಿಗೂ ಜಾತಿ, ತೂಕ, ಆ ದಿನದ ದರ ಇವೆ. ಮಳೆಗಾಲದಲ್ಲಿ ಪಡೆದ ಮುಂಗಡವನ್ನು ಕಳೆದು ಉಳಿದ ಹಣವನ್ನು ಅವರಿಗೆ ಸಂದಾಯ ಮಾಡಬೇಕು. ಇದನ್ನು ಡಾಕ್ಯುಮೆಂಟಾಗಿ ಬರೆದರೆ ಇಡೀ ರಸೀದಿ ಒಂದೇ ಕಡೆ ಇರುತ್ತದೆ: ಬೆಳೆಗಾರರ ಹೆಸರು, ಊರು, ಫೋನ್, ಅದರೊಳಗೆ ಲಾಟುಗಳ ಪಟ್ಟಿ, ಕೊನೆಗೆ ಮುಂಗಡ ಮತ್ತು ಸಂದಾಯ. ರಸೀದಿಯನ್ನು ತೆರೆದು ಮುದ್ರಿಸುವುದಷ್ಟೇ ಕೆಲಸವಾಗಿದ್ದರೆ ಇದಕ್ಕಿಂತ ಸರಳವಾದ ರೂಪ ಇನ್ನೊಂದಿಲ್ಲ; ಮೊದಲ ತಿಂಗಳಲ್ಲಿ ಕೆಲಸ ವೇಗವಾಗಿ ಸಾಗುವುದೂ ಹೀಗೆಯೇ.

ಆದರೆ ವಾರ್ಷಿಕ ಲೆಕ್ಕ ಹತ್ತಿರ ಬಂದಾಗ ಪ್ರಶ್ನೆಗಳು ರಸೀದಿಯ ಆಕಾರದಲ್ಲಿ ಬರುವುದಿಲ್ಲ. ಮುಂಗಡ ಪಡೆದು ಆರು ತಿಂಗಳಿನಿಂದ ಅಡಿಕೆ ತರದವರು ಯಾರು? ಸಿದ್ದಾಪುರ ತಾಲೂಕಿನಿಂದ ಬಂದ ಕೆಂಪುಗೋಟಿಗೆ ಸರಾಸರಿ ಎಷ್ಟು ದರ ಸಿಕ್ಕಿದೆ? ಹಿಂದೆ ಚಾಲಿಯನ್ನೇ ಮಾರುತ್ತಿದ್ದವರಲ್ಲಿ ಎಷ್ಟು ಮಂದಿ ಈಗ ರಾಶಿಗೆ ಹೊರಳಿದ್ದಾರೆ? ಬೆಳೆಗಾರರು, ರಸೀದಿ, ಲಾಟು, ಮುಂಗಡ, ಸಂದಾಯ ಎಂಬ ಐದು ಕೋಷ್ಟಕಗಳಿದ್ದರೆ ಈ ಮೂರೂ ಪ್ರಶ್ನೆಗಳು ಹತ್ತು ಹದಿನೈದು ಸಾಲಿನ ಎಸ್‌ಕ್ಯೂಎಲ್‌ನಲ್ಲಿ ಮುಗಿಯುತ್ತವೆ, ತಂತ್ರಾಂಶದಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗುವುದಿಲ್ಲ. ಡಾಕ್ಯುಮೆಂಟಿನಲ್ಲಿಯೂ ಇವುಗಳಿಗೆ ಉತ್ತರ ಪಡೆಯಬಹುದು. ಮೊಂಗೋಡಿಬಿಯಲ್ಲಿ 2015ರ 3.2ನೇ ಆವೃತ್ತಿಯಿಂದ ಒಂದು ಸಂಗ್ರಹವನ್ನು ಇನ್ನೊಂದಕ್ಕೆ ಜೋಡಿಸುವ ಸೌಲಭ್ಯವೂ ಇದೆ. ಆದರೆ ಅಲ್ಲಿ ಆ ದಾರಿ ಏರುದಾರಿ. ಪ್ರತಿ ಹೊಸ ಪ್ರಶ್ನೆಗೂ ಪ್ರತ್ಯೇಕ ಪ್ರೋಗ್ರಾಮನ್ನು ಬರೆಯುವ ಸ್ಥಿತಿ ಬೇಗ ಬರುತ್ತದೆ. ಫೈರ್‌ಸ್ಟೋರ್‌ನ ಸಾಮಾನ್ಯ ಕ್ವೆರಿಗಳಲ್ಲಂತೂ ಜೋಡಣೆಯೇ ಇಲ್ಲದಿರುವುದರಿಂದ ಎಲ್ಲ ಡಾಕ್ಯುಮೆಂಟುಗಳನ್ನು ಇಳಿಸಿಕೊಂಡು ನಾವೇ ಕೂಡಿಸಬೇಕು.

ಬೆಳೆಗಾರರ ಫೋನ್ ಸಂಖ್ಯೆ ಬದಲಾಯಿತು ಎನ್ನೋಣ. ಕೋಷ್ಟಕದಲ್ಲಿ ಅದು ಒಂದೇ ಕಡೆ ಇರುವುದರಿಂದ ಒಂದೇ ಕಡೆ ತಿದ್ದಿದರೆ ಸಾಕು. ಪ್ರತಿ ರಸೀದಿಯೊಳಗೂ ಅದನ್ನು ನಕಲಿಸಿಟ್ಟಿದ್ದರೆ ಎಲ್ಲವನ್ನೂ ಹುಡುಕಿ ತಿದ್ದಬೇಕು, ಇಲ್ಲವೇ ಒಬ್ಬರಿಗೇ ಎರಡು ಸಂಖ್ಯೆಗಳಿರುವ ಗೊಂದಲವನ್ನು ಒಪ್ಪಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು, ಏಕೆಂದರೆ ನಕಲು ಎಲ್ಲ ಕಡೆಯೂ ತಪ್ಪಲ್ಲ. ಲಾಟು ಮಾರಾಟವಾದ ದಿನದ ದರವನ್ನು ಆ ಲಾಟಿನ ಸಾಲಿನಲ್ಲಿಯೇ ಬರೆದಿಡಬೇಕು. ದರಪಟ್ಟಿಯ ಕಡೆಗೆ ಕೇವಲ ಬೆರಳು ತೋರಿಸಿ ಬಿಟ್ಟರೆ, ನಾಳೆ ಯಾರಾದರೂ ದರಪಟ್ಟಿಯನ್ನು ತಿದ್ದಿದಾಗ ಹಳೆಯ ರಸೀದಿಯ ಮೊತ್ತವೂ ಬದಲಾಗಿಬಿಡುತ್ತದೆ. ಫೋನ್ ಸಂಖ್ಯೆ ಇಂದಿನ ಸಂಗತಿ, ದರ ಅಂದಿನ ಘಟನೆ. ಕೋಷ್ಟಕಗಳನ್ನು ವಿಂಗಡಿಸುವ ಮೊದಲು ಈ ಭೇದವನ್ನು ಅರಿತುಕೊಳ್ಳಬೇಕು.

ಹಣದ ವಿಷಯ ಇನ್ನಷ್ಟು ಗಂಭೀರವಾದದ್ದು. ಮುಂಗಡದ ಬಾಕಿಯಿಂದ ಹಣ ಕಳೆಯುವುದು ಮತ್ತು ಸಂದಾಯವನ್ನು ದಾಖಲಿಸುವುದು ಎರಡು ಬೇರೆ ಬೇರೆ ಬರಹಗಳು. ಅವುಗಳ ನಡುವೆ ವಿದ್ಯುತ್ ಹೋದರೆ, ಮಳೆಗಾಲದ ಮಲೆನಾಡಿನಲ್ಲಿ ಅದು ಅಪರೂಪದ ಸಂಗತಿಯೇನೂ ಅಲ್ಲ, ಬಾಕಿ ಕಡಿಮೆಯಾಗಿ ಸಂದಾಯ ಮಾತ್ರ ದಾಖಲಾಗದೆ ಉಳಿಯಬಹುದು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬ ಈ ಭರವಸೆಯೇ ಟ್ರಾನ್ಸಾಕ್ಷನ್. ಸಂಬಂಧಾತ್ಮಕ ಡೇಟಾಬೇಸುಗಳಲ್ಲಿ ಇದು ಮೂಲಭೂತ ಸೌಲಭ್ಯ. ಎಸ್‌ಕ್ಯೂಲೈಟ್‌ನಂಥ ಪುಟ್ಟದರಲ್ಲಿಯೂ ಪೂರ್ಣ ರೂಪದಲ್ಲಿ ಇದೆ. ಮೊಂಗೋಡಿಬಿಯಲ್ಲಿ ಒಂದು ಡಾಕ್ಯುಮೆಂಟಿನೊಳಗಿನ ಬದಲಾವಣೆ ಮೊದಲಿನಿಂದಲೂ ಅಖಂಡವಾಗಿಯೇ ನಡೆಯುತ್ತದೆ. ಹಲವು ಡಾಕ್ಯುಮೆಂಟುಗಳನ್ನು ಒಳಗೊಂಡ ಟ್ರಾನ್ಸಾಕ್ಷನ್ 2018ರ 4.0 ಆವೃತ್ತಿಯಲ್ಲಿ ಬಂದಿತು, ಅದೂ ರೆಪ್ಲಿಕಾ ಸೆಟ್ (ಒಂದೇ ಮಾಹಿತಿಯ ಪ್ರತಿಗಳನ್ನು ಇಟ್ಟುಕೊಳ್ಳುವ ಸರ್ವರುಗಳ ಗುಂಪು) ಆಗಿ ಹೊಂದಿಸಿದ ಸರ್ವರಿನಲ್ಲಿ ಮಾತ್ರ ಲಭ್ಯ. ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಸಾಮಾನ್ಯ ರೀತಿಯಲ್ಲಿ ಸ್ಥಾಪಿಸಿದ ಮೊಂಗೋಡಿಬಿಯಲ್ಲಿ ಅದು ಸಿಗುವುದಿಲ್ಲ ಎಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ. ಒಂದೇ ಯಂತ್ರವನ್ನು ರೆಪ್ಲಿಕಾ ಸೆಟ್ ಆಗಿ ಹೊಂದಿಸಲು ಸಾಧ್ಯವಿದೆ, ಆದರೆ ಅದನ್ನು ನೆನಪಿಟ್ಟುಕೊಂಡು ಮಾಡಬೇಕು.

ಯಾವ ಡೇಟಾಬೇಸ್ ಆದರೂ ಹಣವನ್ನು ಫ್ಲೋಟ್ ಎಂಬ ದ್ವಿಮಾನ ಪದ್ಧತಿಯ ಸಂಖ್ಯೆಯಾಗಿ ಇಡಬಾರದು; ಹತ್ತು ಪೈಸೆಯನ್ನು ಆ ರೂಪದಲ್ಲಿ ನಿಖರವಾಗಿ ಬರೆಯಲು ಬರುವುದಿಲ್ಲ, ಕೂಡಿಸುತ್ತ ಹೋದಂತೆ ವ್ಯತ್ಯಾಸ ಹೊರಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮರಿಕ್ ಎಂಬ ಟೈಪ್ ಇದೆ, ಮೊಂಗೋಡಿಬಿಯಲ್ಲಿ 2016ರಿಂದ ಡೆಸಿಮಲ್128 ಇದೆ. ಎಸ್‌ಕ್ಯೂಲೈಟ್‌ನಲ್ಲಿ ಅಂಥ ಟೈಪ್ ಇಲ್ಲವಾದ್ದರಿಂದ ಹಣವನ್ನು ಪೈಸೆಗಳಲ್ಲಿ, ತೂಕವನ್ನು ಗ್ರಾಂಗಳಲ್ಲಿ ಪೂರ್ಣಾಂಕವಾಗಿಯೇ ಬರೆಯುವುದು ಸರಿಯಾದ ದಾರಿ.

ಒಂದೇ ಕೋಣೆ, ಇಬ್ಬರು ಅತಿಥಿಗಳು

ಹೋಮ್‌ಸ್ಟೇಯ ಸಮಸ್ಯೆ ಗಾತ್ರದಲ್ಲಿ ಬಹಳ ಚಿಕ್ಕದು, ಆದರೆ ಆಯ್ಕೆಯನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಗೋಕರ್ಣದ ಒಂದೇ ಕೋಣೆಯನ್ನು ಇಬ್ಬರು ಒಂದೇ ನಿಮಿಷದಲ್ಲಿ ಕಾಯ್ದಿರಿಸಲು ಯತ್ನಿಸಿದರೆ, ಇಬ್ಬರಿಗೂ ಖಾಲಿ ಇದೆ ಎಂದು ತೋರಿ ಇಬ್ಬರ ಹೆಸರೂ ದಾಖಲಾಗುವ ಅಪಾಯವಿದೆ. ಪೋಸ್ಟ್‌ಗ್ರೆಸ್‌ನಲ್ಲಿ 2012ರ 9.2ನೇ ಆವೃತ್ತಿಯಿಂದ ದಿನಾಂಕಗಳ ವ್ಯಾಪ್ತಿಯನ್ನೇ ಒಂದು ಮೌಲ್ಯವಾಗಿ ಇಡಬಹುದು. ಒಂದೇ ಕೋಣೆಗೆ ಸಂಬಂಧಿಸಿದ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬೀಳಬಾರದು ಎಂಬ ಹೊರಗಿಡುವ ನಿಯಮವನ್ನು ಕೋಷ್ಟಕಕ್ಕೆ ವಿಧಿಸಿದರೆ, ತಂತ್ರಾಂಶದಲ್ಲಿ ತಪ್ಪಿದ್ದರೂ ಡೇಟಾಬೇಸ್ ಎರಡನೆಯ ಬರಹವನ್ನು ತಿರಸ್ಕರಿಸುತ್ತದೆ. ಬಿಟ್ರೀ-ಜಿಸ್ಟ್ ಎಂಬ ಎಕ್ಸ್‌ಟೆನ್ಶನ್ ಇದಕ್ಕೆ ಜೊತೆಯಾಗಿ ಬೇಕು. ಬೇರೆ ಕಡೆಗಳಲ್ಲಿ ಪ್ರತಿ ರಾತ್ರಿಗೂ ಒಂದೊಂದು ದಾಖಲೆಯಿಟ್ಟು, ಕೋಣೆ ಮತ್ತು ದಿನಾಂಕದ ಜೋಡಿ ಮತ್ತೆ ಬಾರದಂತೆ ಯುನೀಕ್ ಇಂಡೆಕ್ಸ್ ಹಾಕಬೇಕು; ಮೊಂಗೋಡಿಬಿ, ಎಸ್‌ಕ್ಯೂಲೈಟ್ ಎರಡರಲ್ಲಿಯೂ ಇದು ಸಾಧ್ಯ ಮತ್ತು ಸಾಕು. ನಿಯಮ ಡೇಟಾಬೇಸಿನೊಳಗೆ ಇರಬೇಕು ಎಂಬುದೇ ಇಲ್ಲಿ ಮುಖ್ಯ. ಇಂದು ವೆಬ್‌ಸೈಟಿನ ಮೂಲಕ ಮಾತ್ರ ನಡೆಯುವ ಕಾಯ್ದಿರಿಸುವಿಕೆ ನಾಳೆ ಇನ್ನೊಂದು ಆ್ಯಪಿನಿಂದಲೂ ಬರಬಹುದು, ಮಾಲೀಕರ ಮನೆಯವರು ನೇರವಾಗಿಯೂ ಬರೆಯಬಹುದು. ಕೋಡಿನಲ್ಲಿ ಮಾತ್ರ ಇರುವ ನಿಯಮ ಆಗ ಯಾರನ್ನೂ ತಡೆಯುವುದಿಲ್ಲ.

ಅಪ್ಪೆಮಿಡಿಯ ದಾಖಲೆ: ಡಾಕ್ಯುಮೆಂಟಿನ ಬಲ

ಶಿರಸಿ, ಸಿದ್ದಾಪುರದ ಕಡೆಯ ಅಪ್ಪೆಮಿಡಿ ಮಾವಿನ ತಳಿಗಳನ್ನು ದಾಖಲಿಸುವ ತಂತ್ರಾಂಶವನ್ನು ಯೋಚಿಸಿದರೆ ಚಿತ್ರ ಬದಲಾಗುತ್ತದೆ. ಅನಂತಭಟ್ಟನ ಅಪ್ಪೆಯ ಬಗ್ಗೆ ಹೇಳುವಂಥದ್ದು ಜೀರಿಗೆ ಅಪ್ಪೆಗೆ ಅನ್ವಯಿಸದೇ ಇರಬಹುದು. ಒಂದಕ್ಕೆ ಸೊನೆಯ ಪರಿಮಳದ ವಿವರಣೆ ಮುಖ್ಯ, ಇನ್ನೊಂದಕ್ಕೆ ಮಿಡಿಯ ಆಕಾರ, ಮತ್ತೊಂದಕ್ಕೆ ಉಪ್ಪಿನಕಾಯಿ ಎಷ್ಟು ವರ್ಷ ಕೆಡದೆ ಉಳಿಯುತ್ತದೆ ಎಂಬುದು. ಒಂದು ಮರ ಹೊಳೆಯಂಚಿನದು, ಇನ್ನೊಂದು ಸೊಪ್ಪಿನಬೆಟ್ಟದ್ದು, ಮತ್ತೊಂದು ಕಸಿ ಮಾಡಿ ತೋಟದಲ್ಲಿ ಬೆಳೆಸಿದ್ದು. ಪ್ರತಿ ಗುಣಕ್ಕೂ ಒಂದೊಂದು ಕಂಬವನ್ನು ಮಾಡಿದರೆ ಮುಕ್ಕಾಲು ಕೋಷ್ಟಕ ಖಾಲಿಯಾಗಿ ಉಳಿಯುತ್ತದೆ, ಕ್ಷೇತ್ರಕ್ಕೆ ಹೋದವರು ಹೊಸ ಗುಣವನ್ನು ಕಂಡುಕೊಂಡಾಗಲೆಲ್ಲ ಕೋಷ್ಟಕವನ್ನು ತಿದ್ದಬೇಕಾಗುತ್ತದೆ. ಪ್ರತಿ ದಾಖಲೆಯೂ ತನ್ನಷ್ಟಕ್ಕೆ ಪೂರ್ಣವಾಗಿದ್ದು, ಒಂದರ ಮೊತ್ತ ಇನ್ನೊಂದನ್ನು ಅವಲಂಬಿಸದೆ ಇರುವಲ್ಲಿ ಡಾಕ್ಯುಮೆಂಟ್ ರೂಪ ಸಹಜವಾದದ್ದು. ಮನೆಮದ್ದಿನ ಗಿಡಗಳ ಸಮೀಕ್ಷೆ, ಹಳೆಯ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳ ಪಟ್ಟಿ, ನಾನಾ ಬಗೆಯ ಅರ್ಜಿ ನಮೂನೆಗಳನ್ನು ತುಂಬಿಸಿಕೊಳ್ಳುವ ವ್ಯವಸ್ಥೆ ಇವೆಲ್ಲ ಇದೇ ಜಾತಿಗೆ ಸೇರುತ್ತವೆ.

ಆದರೆ ಇಷ್ಟಕ್ಕಾಗಿ ಡೇಟಾಬೇಸನ್ನೇ ಬದಲಿಸಬೇಕಾಗಿಲ್ಲ ಎಂಬುದು ಕಳೆದ ಒಂದು ದಶಕದ ದೊಡ್ಡ ಬದಲಾವಣೆ. ಪೋಸ್ಟ್‌ಗ್ರೆಸ್ 2014ರ 9.4ನೇ ಆವೃತ್ತಿಯಲ್ಲಿ ಜೇಸನ್‌ಬಿ ಎಂಬ ಟೈಪನ್ನು ತಂದಿತು. ಜೇಸನ್ ಎಂದರೆ ಡಾಕ್ಯುಮೆಂಟನ್ನು ಪಠ್ಯವಾಗಿ ಬರೆಯುವ ಒಂದು ಸಾಮಾನ್ಯ ರೂಪ. ಒಂದು ಕಂಬದೊಳಗೆ ಇಡೀ ಡಾಕ್ಯುಮೆಂಟನ್ನು ಇಟ್ಟು, ಅದರೊಳಗಿನ ಗುಣಗಳಿಗೂ ಇಂಡೆಕ್ಸ್ ಹಾಕಿ ಹುಡುಕಬಹುದು. ಮೈಎಸ್‌ಕ್ಯೂಎಲ್‌ನಲ್ಲಿ 5.7ನೇ ಆವೃತ್ತಿಯಿಂದ ಜೇಸನ್ ಟೈಪ್ ಇದೆ. ಎಸ್‌ಕ್ಯೂಲೈಟ್‌ನಲ್ಲಿ ಜೇಸನ್ ಕಾರ್ಯಗಳು 2022ರಿಂದ ಮೂಲ ರೂಪದಲ್ಲಿಯೇ ಸೇರಿಕೊಂಡಿವೆ. ತಳಿಯ ಹೆಸರು, ಮರ ಇರುವ ಊರು, ಮಾಹಿತಿ ಕೊಟ್ಟವರು, ದಿನಾಂಕ ಇವನ್ನು ಸಾಮಾನ್ಯ ಕಂಬಗಳಾಗಿಟ್ಟು, ಉಳಿದ ವಿಶೇಷ ಗುಣಗಳನ್ನು ಒಂದು ಜೇಸನ್ ಕಂಬದಲ್ಲಿ ಇಡುವ ಈ ಮಿಶ್ರ ಕ್ರಮ ಸಣ್ಣ ತಂತ್ರಾಂಶಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಎಂದು ನಾನು ನಂಬುತ್ತೇನೆ. ಜೇಸನ್ ಕಂಬದಲ್ಲಿರುವ ಒಂದು ಗುಣವನ್ನು ಪದೇ ಪದೇ ಹುಡುಕುತ್ತಿದ್ದೇವೆ, ಅದರ ಮೇಲೆ ಲೆಕ್ಕ ಮಾಡುತ್ತಿದ್ದೇವೆ ಎಂದು ಕಂಡುಬಂದಾಗ ಅದನ್ನು ಹೊರತಂದು ಸ್ವತಂತ್ರ ಕಂಬವಾಗಿಸಬೇಕು.

ಡಾಕ್ಯುಮೆಂಟ್ ಡೇಟಾಬೇಸಿಗೆ ಸ್ಕೀಮಾ, ಅಂದರೆ ದಾಖಲೆಯ ಆಕಾರವನ್ನು ಮೊದಲೇ ಗೊತ್ತುಮಾಡುವ ನಕ್ಷೆ, ಬೇಡ ಎಂಬ ಮಾತನ್ನು ಕೂಡ ಇಲ್ಲಿ ಪರಿಶೀಲಿಸಬೇಕು. ಡೇಟಾಬೇಸ್ ಅದನ್ನು ಕೇಳುವುದಿಲ್ಲ, ನಿಜ. ಆದರೆ ದಾಖಲೆಯನ್ನು ಓದುವ ಕೋಡ್ ಒಂದು ಆಕಾರವನ್ನು ನಿರೀಕ್ಷಿಸಿಯೇ ಇರುತ್ತದೆ. ಮೊದಲ ವರ್ಷದ ದಾಖಲೆಗಳಲ್ಲಿ ಊರಿನ ಹೆಸರು ಒಂದೇ ಪದವಾಗಿ, ಎರಡನೆಯ ವರ್ಷದವುಗಳಲ್ಲಿ ಊರು ಮತ್ತು ತಾಲೂಕು ಬೇರೆ ಬೇರೆಯಾಗಿ, ಮೂರನೆಯ ವರ್ಷದವುಗಳಲ್ಲಿ ಪಿನ್ ಕೋಡ್ ಸಮೇತ ಇದ್ದರೆ, ಮೂರೂ ಕಾಲದ ಆಕಾರಗಳನ್ನು ಕೋಡ್ ಶಾಶ್ವತವಾಗಿ ಹೊತ್ತುಕೊಂಡಿರಬೇಕು. ಕೋಷ್ಟಕವಾದರೆ ಹೊಸ ಕಂಬ ಸೇರಿಸಿ ಹಳೆಯ ಸಾಲುಗಳನ್ನು ಒಮ್ಮೆ ತಿದ್ದಿ ಮುಗಿಸಬಹುದು. ಮೊಂಗೋಡಿಬಿಯನ್ನೇ ಬಳಸುವುದಾದರೆ, 2017ರ 3.6ನೇ ಆವೃತ್ತಿಯಿಂದ ಅದರಲ್ಲಿರುವ ಜೇಸನ್ ಸ್ಕೀಮಾ ಪರಿಶೀಲನೆಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳುವುದು ಲೇಸು.

ನೆಟ್‌ವರ್ಕ್ ಇಲ್ಲದ ಕಡೆ

ಸಂಬಂಧೇತರ ಡೇಟಾಬೇಸುಗಳ ಪರವಾದ ಅತ್ಯಂತ ಗಟ್ಟಿಯಾದ ವಾದ ನಮ್ಮ ಜಿಲ್ಲೆಯ ಭೂಗೋಳದಲ್ಲಿಯೇ ಇದೆ. ದಡದಿಂದ ದೂರ ಹೋದ ಬೋಟಿನಲ್ಲಿ ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ. ಘಟ್ಟದ ಹಾದಿಯಲ್ಲಿ, ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಬಂದು ಬಂದು ಹೋಗುತ್ತದೆ. ಹಿಡಿದ ಬಂಗಡೆ, ತಾರ್ಲೆ, ಇಸ್ವಾಣಗಳ ಲೆಕ್ಕವನ್ನು ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಬೋಟಿನಲ್ಲಿಯೇ ಫೋನಿಗೆ ಬರೆದು, ಬಂದರು ಮುಟ್ಟಿದ ಮೇಲೆ ಅದು ತಾನಾಗಿಯೇ ಮಾಲೀಕರ ಕಂಪ್ಯೂಟರಿಗೆ ತಲುಪಬೇಕು. ಕೌಚ್‌ಡಿಬಿಯನ್ನು ಇಂಥ ಬಳಕೆಗೆಂದೇ ರೂಪಿಸಲಾಗಿದೆ: ಪ್ರತಿಯೊಂದು ಪ್ರತಿಯೂ ಸ್ವತಂತ್ರವಾಗಿ ಬರೆಸಿಕೊಳ್ಳುತ್ತದೆ, ಸಂಪರ್ಕ ಸಿಕ್ಕಾಗ ಪರಸ್ಪರ ಹೊಂದಿಕೊಳ್ಳುತ್ತದೆ, ಬ್ರೌಸರಿನೊಳಗೆ ಅದರ ಜೊತೆಗಾರನಾಗಿ ಪೌಚ್‌ಡಿಬಿ ಇದೆ. ಫೈರ್‌ಸ್ಟೋರ್ ಕೂಡ ಫೋನಿನಲ್ಲಿ ಆಫ್‌ಲೈನ್ ಬರಹಗಳನ್ನು ಹಿಡಿದಿಟ್ಟುಕೊಂಡು ನಂತರ ಕಳಿಸುತ್ತದೆ.

ಇಬ್ಬರು ಒಂದೇ ದಾಖಲೆಯನ್ನು ತಿದ್ದಿದಾಗ ಏನಾಗುತ್ತದೆ ಎಂಬುದರಲ್ಲಿ ಇವೆರಡಕ್ಕೂ ವ್ಯತ್ಯಾಸವಿದೆ. ತಾಂಡೇಲರು ಸಮುದ್ರದಲ್ಲಿ ಮೀನಿನ ಕ್ರೇಟುಗಳ ಸಂಖ್ಯೆಯನ್ನು, ಮಾಲೀಕರು ದಡದಲ್ಲಿ ಡೀಸೆಲ್ ಮತ್ತು ಐಸಿನ ಖರ್ಚನ್ನು ಒಂದೇ ಟ್ರಿಪ್ಪಿನ ಡಾಕ್ಯುಮೆಂಟಿನಲ್ಲಿ ಬರೆದರೆ, ಕೌಚ್‌ಡಿಬಿ ಎರಡೂ ಆವೃತ್ತಿಗಳನ್ನು ಉಳಿಸಿಕೊಂಡು ಒಂದನ್ನು ತಾತ್ಕಾಲಿಕವಾಗಿ ಮುಂದೆ ತೋರಿಸುತ್ತದೆ. ಘರ್ಷಣೆಯನ್ನು ಗುರುತಿಸಿ ಬಗೆಹರಿಸುವುದು ತಂತ್ರಾಂಶದ ಹೊಣೆ. ಫೈರ್‌ಸ್ಟೋರ್‌ನಲ್ಲಿ ಒಂದೇ ಅಂಶವನ್ನು ಇಬ್ಬರು ತಿದ್ದಿದರೆ ಕೊನೆಗೆ ತಲುಪಿದ ಬರಹವೇ ನಿಲ್ಲುತ್ತದೆ. ಅದರ ಟ್ರಾನ್ಸಾಕ್ಷನ್‌ಗಳು ಆಫ್‌ಲೈನ್ ಇರುವಾಗ ವಿಫಲವಾಗುತ್ತವೆ. ಆದ್ದರಿಂದ ಯಾವುದನ್ನು ಬಳಸಿದರೂ ಒಂದೇ ದಾಖಲೆಯನ್ನು ತಿದ್ದುವ ಬದಲು, ಪ್ರತಿ ಘಟನೆಯನ್ನೂ ಹೊಸ ದಾಖಲೆಯಾಗಿ ಸೇರಿಸುತ್ತ ಹೋಗುವ ವಿನ್ಯಾಸ ಮೇಲು. ಡೀಸೆಲ್ ತುಂಬಿದ್ದು ಒಂದು ದಾಖಲೆ, ಐಸ್ ಹಾಕಿದ್ದು ಒಂದು, ಹಿಡಿದ ಮೀನಿನ ಒಂದೊಂದು ಜಾತಿ ಒಂದೊಂದು. ಸೇರ್ಪಡೆ ಮಾತ್ರ ಇರುವಲ್ಲಿ ಘರ್ಷಣೆಗೆ ಅವಕಾಶವೇ ಇರುವುದಿಲ್ಲ.

ಹೀಗೆ ವಿನ್ಯಾಸಗೊಳಿಸಿದ ಮೇಲೆ ಇನ್ನೊಂದು ದಾರಿಯೂ ತೆರೆದುಕೊಳ್ಳುತ್ತದೆ. ಮಾಹಿತಿ ಬೋಟಿನಿಂದ ದಡಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುವುದಾದರೆ, ಫೋನಿನೊಳಗಿನ ಎಸ್‌ಕ್ಯೂಲೈಟ್‌ನಲ್ಲಿ ಪ್ರತಿ ಸಾಲಿಗೂ ಎಲ್ಲಿಯೂ ಪುನರಾವರ್ತನೆಯಾಗದ ಗುರುತುಸಂಖ್ಯೆಯನ್ನು ಕೊಟ್ಟು, ಸಂಪರ್ಕ ಸಿಕ್ಕಾಗ ಕಳಿಸದ ಸಾಲುಗಳನ್ನು ಸರ್ವರಿಗೆ ಕಳಿಸುವ ಸಣ್ಣ ಕೋಡನ್ನು ನಾವೇ ಬರೆಯಬಹುದು. ಎರಡು ದಿಕ್ಕಿನ ಹರಿವು, ಹಲವು ಫೋನುಗಳು, ಒಬ್ಬರ ದಾಖಲೆ ಇನ್ನೊಬ್ಬರಿಗೂ ಬೇಕು ಎಂಬ ಸ್ಥಿತಿ ಇದ್ದರೆ ಮಾತ್ರ ಸಿಂಕ್ ಕೆಲಸವನ್ನು ಸ್ವತಃ ಬರೆಯಲು ಹೋಗಬಾರದು. ಅಲ್ಲಿ ಕೌಚ್‌ಡಿಬಿ ಅಥವಾ ಫೈರ್‌ಸ್ಟೋರ್‌ಗಳೇ ಸರಿ. ಟ್ರಿಪ್ ಮುಗಿದ ನಂತರ ಖರ್ಚು ಕಳೆದು ಬೋಟಿನವರಿಗೆಲ್ಲ ಪಾಲು ಹಂಚುವ ಲೆಕ್ಕ ಮತ್ತೆ ಹಣದ ವ್ಯವಹಾರವಾದ್ದರಿಂದ ಅದನ್ನು ದಡದ ಸಂಬಂಧಾತ್ಮಕ ಡೇಟಾಬೇಸಿನಲ್ಲಿಯೇ ಮಾಡಬೇಕು. ಅಂದ ಹಾಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬಂದರಿನ ತಂತ್ರಾಂಶದ ಕೋಷ್ಟಕಗಳನ್ನು ತಿದ್ದಿ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಖರ್ಚು ಮತ್ತು ಉಸ್ತುವಾರಿ

ಫೈರ್‌ಸ್ಟೋರ್‌ಗೆ ನಮ್ಮದೇ ಸರ್ವರ್ ಬೇಕಾಗಿಲ್ಲ ಎಂಬುದು ಸಣ್ಣ ತಂಡಕ್ಕೆ ನಿಜವಾದ ಸಹಾಯ. ಆದರೆ ಅಲ್ಲಿ ಓದುವ ಪ್ರತಿ ಡಾಕ್ಯುಮೆಂಟಿಗೂ ಲೆಕ್ಕವಿದೆ; ದಿನಕ್ಕೆ 50,000 ಓದು ಉಚಿತ, ಅನಂತರದವುಗಳಿಗೆ ದರ. 3,000 ರಸೀದಿಗಳನ್ನು ಕೂಡಿಸಿ ತೋರಿಸುವ ವರದಿಯ ಪುಟವನ್ನು ಕಚೇರಿಯವರು ದಿನಕ್ಕೆ 20 ಬಾರಿ ತೆರೆದರೆ 60,000 ಓದುಗಳಾದವು. ಬಾಡಿಗೆಗೆ ಪಡೆದ ಸಣ್ಣ ಸರ್ವರಿನಲ್ಲಿರುವ ಪೋಸ್ಟ್‌ಗ್ರೆಸ್‌ನಲ್ಲಿ ಅದೇ ವರದಿಯನ್ನು ಸಾವಿರ ಬಾರಿ ತೆರೆದರೂ ತಿಂಗಳ ಬಾಡಿಗೆ ಬದಲಾಗುವುದಿಲ್ಲ. ಅದಕ್ಕೆ ಪ್ರತಿಯಾಗಿ ಆ ಸರ್ವರಿನ ಭದ್ರತೆ, ಆವೃತ್ತಿ ನವೀಕರಣ, ಬ್ಯಾಕಪ್ ಎಲ್ಲವೂ ನಮ್ಮ ಹೆಗಲಿಗೆ ಬೀಳುತ್ತವೆ.

ಇನ್ನೊಂದು ಸಂಗತಿಯನ್ನು ತಾಂತ್ರಿಕ ಹೋಲಿಕೆಗಳಲ್ಲಿ ಯಾರೂ ಬರೆಯುವುದಿಲ್ಲ. ತಂತ್ರಾಂಶ ಬರೆದುಕೊಟ್ಟ ಹುಡುಗ ಅಥವಾ ಹುಡುಗಿ ಎರಡು ವರ್ಷಗಳಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ಸಾಮಾನ್ಯ. ಆಮೇಲೆ ಬರುವವರು ಕೋಡನ್ನು ಓದದೆಯೂ ಮಾಹಿತಿಯನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಕೋಷ್ಟಕಗಳ ಹೆಸರು, ಕಂಬಗಳ ಟೈಪ್, ಯಾವುದು ಯಾವುದಕ್ಕೆ ಸಂಬಂಧಿಸಿದೆ ಎಂಬ ಫಾರಿನ್ ಕೀಗಳು ಡೇಟಾಬೇಸಿನಲ್ಲಿಯೇ ಇದ್ದರೆ ಅರ್ಧದಷ್ಟು ವಿವರಣೆ ಅಲ್ಲಿಯೇ ಸಿಗುತ್ತದೆ. ಎಸ್‌ಕ್ಯೂಎಲ್ ಡಿಪ್ಲೊಮಾದಿಂದ ಎಂಜಿನಿಯರಿಂಗ್‌ವರೆಗೆ ಪಠ್ಯದಲ್ಲಿರುವ ವಿಷಯವಾದ್ದರಿಂದ ಅದನ್ನು ಬಲ್ಲವರು ಕುಮಟಾದಲ್ಲಿಯೂ ಸಿಗುತ್ತಾರೆ.

ಕೋಷ್ಟಕವೇ ಎಂದಾದರೆ ಯಾವುದು?

ಒಂದೇ ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶಕ್ಕೂ, ಹೆಚ್ಚು ಬರಹಗಳಿಲ್ಲದ ಸಣ್ಣ ವೆಬ್‌ಸೈಟಿಗೂ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ ಅವರು 2000ದಲ್ಲಿ ಬಿಡುಗಡೆ ಮಾಡಿದ ಇದಕ್ಕೆ ಪ್ರತ್ಯೇಕ ಸರ್ವರ್ ಇಲ್ಲ. ಇಡೀ ಡೇಟಾಬೇಸ್ ಒಂದೇ ಕಡತ, ಅದರ ಗರಿಷ್ಠ ಗಾತ್ರ ಸುಮಾರು 281 ಟೆರಾಬೈಟ್. ಅದರ ಮಿತಿ ಇರುವುದು ಏಕಕಾಲದಲ್ಲಿ ಒಬ್ಬರು ಮಾತ್ರ ಬರೆಯಬಹುದು ಎಂಬುದರಲ್ಲಿ. ವಾಲ್ ಎಂಬ ಕ್ರಮಕ್ಕೆ ಹೊಂದಿಸಿದರೆ ಒಬ್ಬರು ಬರೆಯುವಾಗ ಉಳಿದವರು ಓದುತ್ತಿರಬಹುದು. ಎರಡು ವಿಷಯಗಳನ್ನು ಮರೆಯಬಾರದು: ಅದರಲ್ಲಿ ಫಾರಿನ್ ಕೀ ಪರಿಶೀಲನೆ ತಾನಾಗಿ ನಡೆಯುವುದಿಲ್ಲ, ಪ್ರತಿ ಸಂಪರ್ಕದಲ್ಲಿಯೂ ಅದನ್ನು ಚಾಲೂ ಮಾಡಬೇಕು, ಮತ್ತು ಅಂಕಿಯ ಕಂಬದಲ್ಲಿ ಅಕ್ಷರಗಳನ್ನು ಬರೆದರೂ ಅದು ಒಪ್ಪಿಕೊಳ್ಳುತ್ತದೆ, ಅದನ್ನು ತಡೆಯಲು 2021ರಿಂದ ಲಭ್ಯವಿರುವ ಸ್ಟ್ರಿಕ್ಟ್ ಕೋಷ್ಟಕಗಳನ್ನೇ ಬಳಸಬೇಕು. ಹಲವು ಕೌಂಟರುಗಳಿಂದ ಏಕಕಾಲದಲ್ಲಿ ಬರೆಯುವ ಸಂಘ, ಅಂಗಡಿ, ಹೋಮ್‌ಸ್ಟೇಗಳಿಗೆ ಪೋಸ್ಟ್‌ಗ್ರೆಸ್ ನನ್ನ ಮೊದಲ ಆಯ್ಕೆ. ಮೈಎಸ್‌ಕ್ಯೂಎಲ್ ಕೂಡ ಒಳ್ಳೆಯದೇ. ಅಗ್ಗದ ವೆಬ್ ಹೋಸ್ಟಿಂಗ್‌ನಲ್ಲಿ ಅದು ಸಿದ್ಧವಾಗಿ ಸಿಗುತ್ತದೆ.

ಕನ್ನಡದಲ್ಲಿ ಹೆಸರುಗಳನ್ನು ಇಡುವವರಿಗೆ ಎರಡೂ ಬಗೆಯ ಡೇಟಾಬೇಸುಗಳಲ್ಲಿ ಒಂದೇ ತೊಡಕು ಎದುರಾಗುತ್ತದೆ. ಯುನಿಕೋಡಿನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು; ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಕಾಣಿಸದ ಜೋಡಕ ಸಂಕೇತಗಳಿಂದಲೂ ಹೀಗಾಗುತ್ತದೆ. ಬರೆಯುವ ಮುನ್ನವೇ ಎಲ್ಲ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯುನಿಕೋಡಿನ ಏಕರೂಪಕ್ಕೆ ತಂದರೆ ಮೊದಲನೆಯ ತೊಡಕು ನಿವಾರಣೆಯಾಗುತ್ತದೆ, ಜೋಡಕಗಳಿಗೆ ಪ್ರತ್ಯೇಕ ನಿಯಮ ಬೇಕು. ಹೆಗಡೆ, ಹೆಗ್ಡೆ ಎಂಬ ಎರಡು ಬರವಣಿಗೆಗಳಿಗೆ ಮಾತ್ರ ಯಂತ್ರದ ಪರಿಹಾರವಿಲ್ಲ. ಗಣಪತಿ ಹೆಗಡೆ ಎಂಬ ಹೆಸರಿನವರು ಒಂದೇ ಊರಿನಲ್ಲಿ ಇಬ್ಬರು ಮೂವರು ಇರುವ ನಾಡಿನಲ್ಲಿ ಹೆಸರನ್ನು ಎಂದಿಗೂ ಗುರುತಾಗಿ ಬಳಸಬಾರದು. ಸದಸ್ಯ ಸಂಖ್ಯೆಯೇ ಕೀ ಆಗಬೇಕು.

ಈಗಾಗಲೇ ಆರಿಸಿಯಾಗಿದ್ದರೆ

ಡಾಕ್ಯುಮೆಂಟುಗಳಲ್ಲಿ ಎರಡು ಮೂರು ವರ್ಷಗಳ ಮಾಹಿತಿ ತುಂಬಿಕೊಂಡು ವರದಿಗಳಿಗಾಗಿ ಪರದಾಡುತ್ತಿರುವವರು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಬದಲಿಸಬೇಕಾಗಿಲ್ಲ. ಮೊದಲು ಎಲ್ಲ ಡಾಕ್ಯುಮೆಂಟುಗಳನ್ನು ಇದ್ದಂತೆಯೇ ಪೋಸ್ಟ್‌ಗ್ರೆಸ್‌ನ ಜೇಸನ್‌ಬಿ ಕಂಬವೊಂದಕ್ಕೆ ತುಂಬಬೇಕು. ಅಲ್ಲಿಂದ ಎಸ್‌ಕ್ಯೂಎಲ್ ಮೂಲಕವೇ ಬೆಳೆಗಾರರನ್ನೋ ಅತಿಥಿಗಳನ್ನೋ ಬೇರ್ಪಡಿಸಿ, ಒಬ್ಬರೇ ಎರಡು ಹೆಸರುಗಳಲ್ಲಿ ಇರುವ ಕಡೆಗಳನ್ನು ಮನುಷ್ಯರೇ ಕುಳಿತು ಪರಿಶೀಲಿಸಿ, ಆಮೇಲೆ ಹಣದ ಕೋಷ್ಟಕಗಳನ್ನು ರಚಿಸಬೇಕು. ಹಳೆಯ ಮತ್ತು ಹೊಸ ವ್ಯವಸ್ಥೆಗಳಲ್ಲಿ ಪ್ರತಿ ಸದಸ್ಯರ ಬಾಕಿ ಪೈಸೆಪೈಸೆಗೂ ತಾಳೆಯಾಗುವವರೆಗೆ ಹಳೆಯದನ್ನು ನಿಲ್ಲಿಸಬಾರದು. ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವುದು ಇದಕ್ಕಿಂತ ಬಹಳ ಸುಲಭ, ಕೋಷ್ಟಕಗಳ ಆಕಾರ ಮೊದಲೇ ಸಿದ್ಧವಾಗಿರುತ್ತದೆ. ದಿನಾಂಕಗಳು ಮತ್ತು ಹೌದು-ಅಲ್ಲ ಮೌಲ್ಯಗಳು ಎಸ್‌ಕ್ಯೂಲೈಟ್‌ನಲ್ಲಿ ಕೇವಲ ಪಠ್ಯ ಅಥವಾ ಅಂಕಿಯಾಗಿರುವುದರಿಂದ ಅವನ್ನು ಮಾತ್ರ ಪ್ರತ್ಯೇಕವಾಗಿ ಪರಿವರ್ತಿಸಬೇಕಾಗುತ್ತದೆ.

ಬ್ಯಾಕಪ್ ವಿಷಯದಲ್ಲಿ ಎಸ್‌ಕ್ಯೂಲೈಟ್ ಬಳಸುವವರು ವಿಶೇಷವಾಗಿ ಗಮನಿಸಬೇಕಾದದ್ದೆಂದರೆ, ತಂತ್ರಾಂಶ ನಡೆಯುತ್ತಿರುವಾಗ ಕಡತವನ್ನು ಹಾಗೆಯೇ ನಕಲಿಸಿದರೆ ಆ ಪ್ರತಿ ಅಪೂರ್ಣವಾಗಿರಬಹುದು. ಅದರದೇ ಬ್ಯಾಕಪ್ ಆಜ್ಞೆಯನ್ನು ಬಳಸಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ-ಡಂಪ್, ಮೊಂಗೋಡಿಬಿಯಲ್ಲಿ ಮೊಂಗೊಡಂಪ್ ಇವೆ. ಪ್ರತಿಯನ್ನು ಆ ಕಟ್ಟಡದಿಂದ ಹೊರಗೆ ಇಡಬೇಕು, ಮತ್ತು ಮಳೆಗಾಲ ಹಿಡಿಯುವ ಮೊದಲು ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ಮರುಸ್ಥಾಪಿಸಿ, ಒಂದು ಹಳೆಯ ರಸೀದಿಯನ್ನು ತೆರೆದು, ಮೊತ್ತ ಸರಿಯಿದೆಯೇ ಎಂದು ನೋಡಬೇಕು.